ಹಿಮದ ಬೆಟ್ಟ ಬಿಟ್ಟ ಸಿದ್ದೇಶ

ಮದ್ದೂರಿನ ಫೋಟೋಗ್ರಾಫರ್ ಸಿದ್ದೇಶನ ಪಾಲಿಗೆ ಕಂಟಕವಾಗಿದ್ದದ್ದು ಒಂದು ಹಿಮದ ಬೆಟ್ಟ. ಬೆಟ್ಟವಿದ್ದದ್ದು ಅವನ ಅಂಗಡಿಯ ಕಂಪ್ಯೂಟರಿನೊಳಗೆ. ಯಾವ ಛತ್ರದಲ್ಲಿ ಯಾರ ಮದುವೆಯಾದರೂ ಸರಿ, ಆಲ್ಬಮ್ಮಿನ ಕೊನೆಯ ಪುಟದಲ್ಲಿ ಹೆಣ್ಣುಗಂಡು ಆ ಬೆಟ್ಟದ ಮುಂದೆ ನಿಂತಿರಲೇಬೇಕು. ಗೆಜ್ಜಲಗೆರೆಯಿಂದ ಮಳವಳ್ಳಿಯವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ರೇಷ್ಮೆ ಪಂಚೆಯ ಗಂಡುಗಳು ಬರಿಗಾಲಲ್ಲಿ ಹಿಮ ತುಳಿಯುತ್ತ ನಗುತ್ತಿದ್ದರು. ಒಬ್ಬನಿಗೂ ನೆಗಡಿಯಾಗಿರಲಿಲ್ಲ.

ಬೇಸರ ಬಂದದ್ದು ಸಿದ್ದೇಶನಿಗೆ. ಆ ಹೊತ್ತಿಗೇ ಮದುವೆ ಗೊತ್ತಾಗಿದ್ದ ರಂಜಿತ ಅಂಗಡಿಗೆ ಬಂದು ಮೊಬೈಲು ಚಾಚಿದಳು. ಅದರೊಳಗೆ ಯಾವುದೋ ದೇಶದ ಮದುವೆ. ಬಯಲು, ಒಣಹುಲ್ಲಿನ ಕಂತೆ, ಒಂದು ಗಾಡಿಯ ಚಕ್ರ, ಇಳಿಬಿಸಿಲು; ನಡುವೆ ಲೋಕ ಮರೆತು ನಗುತ್ತಿರುವ ಇಬ್ಬರು.

"ಅಣ್ಣ, ನಂಗೆ ಇಂಥದ್ದೊಂದು ಪಟ ಬೇಕು. ಬೆಟ್ಟಗಿಟ್ಟ ಬೇಡ."

ಮದುವೆ ಮಳವಳ್ಳಿ ರಸ್ತೆಯ ಪುಟ್ಟರಾಜುವಿನ ಜಮೀನಿನಲ್ಲಿ. ಮದುವೆಗಳಿಗೆ ಬಾಡಿಗೆ ಕೊಡಲೆಂದು ಕಬ್ಬು ಕಿತ್ತುಹಾಕಿ, ಸುತ್ತ ಮರದ ಬೇಲಿ ಹೊಡೆಸಿ, ಬಾಗಿಲಿಗೆ 'ಪುಟ್ಟರಾಜು ರಾಂಚ್' ಎಂದು ಬರೆಸಿದ್ದ ಅವನು. ಇಂಗ್ಲಿಷ್ ಸಿನಿಮಾದ ರಾಂಚಿನಲ್ಲಿರುವಂಥ ದನದ ಮಂದೆ, ಕುದುರೆ ಇರಲಿಲ್ಲ. ಹಿಂದುಗಡೆ ಒಂದು ಹಳೇ ಕೊಟ್ಟಿಗೆಯಿತ್ತು, ಅಷ್ಟೆ. ಅಲ್ಲಿ ನಡೆಯುವ ಮೊದಲ ಮದುವೆ ರಂಜಿತಳದು.

"ಸಿದ್ದೇಸ, ಇಂತಾ ಪಟ ಒಂದ್ನ ನನ್ ರಾಂಚಲ್ಲಿ ತೆಗುದ್ಕೊಡ್ಲಾ," ಎಂದ ಪುಟ್ಟರಾಜು, ಜಾಗ ನೋಡಲು ಹೋದ ಸಿದ್ದೇಶನ ಮೊಬೈಲಿನಲ್ಲಿ ಅದೇ ಪಟ ಕಂಡು. "ರಸ್ತೇಗ್ ಕಾಣಂಗೆ ದೊಡ್ಡ ಬೋರ್ಡ್ ಆಕುಸ್ತೀನಿ. ಮುಂದಕ್ಕೆ ಇಲ್ಲಿ ಆಗೋ ಮದ್ವೆಯೆಲ್ಲ ನಿಂದೆಯ. ಇಲ್ದಿದ್ರೆ ಮೈಸೂರಿನ್ ಫೋಟೋದೋರ್ನ ಕರ್ಸ್ತೀನಿ ಕಣ್ಲಾ, ಬ್ಯಾಸ್ರ ಮಾಡ್ಕಬ್ಯಾಡ."

ಸಿದ್ದೇಶ ಅಂಗಡಿಗೆ ಬಂದು, ಗೋಡೆಯ ಮೇಲಿದ್ದ ಮಾದಪ್ಪನ ಪಟಕ್ಕೆ ಊದುಬತ್ತಿ ಹಚ್ಚಿದ. ಅವನ ತಾತ ತಂಬೂರಿ ಹಿಡಿದು ಮಾದಪ್ಪನ ಪದ ಹೇಳುತ್ತಿದ್ದವನು. ಆ ಮನೆಯಲ್ಲಿ ಬೇಡಿಕೆ ಎಂದರೆ ಬೇಡಿಕೆ, ಆಣೆ ಎಂದರೆ ಆಣೆ. "ಅಪ್ಪಾ, ಈ ಬೆಟ್ಟದಿಂದ ನನ್ನ ಬಿಡಿಸು," ಎಂದು ಕೈಮುಗಿದ.

ಮದುವೆಯ ದಿನ ಬೆಳಗಾಗುವಷ್ಟರಲ್ಲಿ, ಪುಟ್ಟರಾಜು ಕರೆಸಿದ್ದ ಮೈಸೂರಿನ ಅಲಂಕಾರದವರು ಹುಣಸೆಮರದ ಕೆಳಗೆ ಎಲ್ಲವನ್ನೂ ಜೋಡಿಸಿ, ವ್ಯಾನು ಹತ್ತಿ ಹೋಗಿದ್ದರು. ಒಣಕೊಂಬೆ ಬಗ್ಗಿಸಿ ಕಟ್ಟಿದ ಕಮಾನು, ಕೂರಲು ಹುಲ್ಲಿನ ಕಂತೆ, ಹಾಸಲು ಗೋಣಿತಾಟು, ಒರಗಿಸಿದ ಗಾಡಿಯ ಚಕ್ರ, ಸಾಲಾಗಿ ಮಣ್ಣಿನ ಮಡಕೆ. ಥೇಟು ಮೊಬೈಲಿನ ಪಟವೇ. ಬೆಳಕು ಮಾತ್ರ ಸಂಜೆಗೇ ಬರಬೇಕು. ಸಂಜೆಯವರೆಗೆ ಯಾರೂ ಇದನ್ನು ಮುಟ್ಟದಿದ್ದರೆ ಸಾಕು ಎಂದುಕೊಂಡ ಸಿದ್ದೇಶ. ಮಂಡ್ಯದ ಕಡೆಯ ನೆಂಟರಿಂದ ಯಾರೂ ಕೇಳಬಾರದ ವರ ಅದು.

ಅದನ್ನು ಮೊದಲು ಕಂಡವಳು ಹೆಣ್ಣಿನ ಅಜ್ಜಿ ಪುಟ್ಟಮಾದಮ್ಮ. ಹೆಣ್ಣಿನ ತಾಯಿಯನ್ನು ಕೂಗಿದಳು.

"ಏ ಸಿವನಂಜಿ, ಬಾ ಇಲ್ಲಿ! ನಿನ್ ಬೀಗ್ರು ಬರೋ ದಾರೀಲಿ ಯಾವನೋ ಸೌದೆ ಒಟ್ಟವ್ನೆ!"

"ಅಜ್ಜೀ, ಅದು ಸೌದೆ ಅಲ್ಲ, ಕಮಾನು!" ಸಿದ್ದೇಶ ಓಡಿಬಂದ.

"ಕಮಾನಾ? ಅಸ್ರಾದ್ ಮಾವಿನ್ ಸೊಪ್ಪು ಬುಟ್ಟು ಒಣ್ಕಲ್ ಕಡ್ಡಿ ಕಟ್ಟೀಯಲ್ಲ, ನಿಮ್ಮಟ್ಟಿ ಮದ್ವೇಲೂ ಇಂಗೇ ಕಟ್ಟಿದ್ರೇನಪ್ಪ?"

"ನಂಗಿನ್ನೂ ಮದ್ವೆ ಆಗಿಲ್ಲ ಅಜ್ಜಿ."

"ಅದ್ಕೆ ಮತ್ತೆ! ಇಂತಾ ಬುದ್ದಿಗೆ ಯಾರ್ ಎಣ್ ಕೊಟ್ಟಾರು?"

ಸಿದ್ದೇಶ ಮುಹೂರ್ತದ ಪಟ ತೆಗೆದು ಬರುವಷ್ಟರಲ್ಲಿ ಕಮಾನು ನೀರೊಲೆಯೊಳಗೆ ಚಟಚಟ ಉರಿದು ಬೀಗರ ಕೈಕಾಲಿಗೆ ಬಿಸಿನೀರಾಗಿತ್ತು. ಅದಿದ್ದ ಜಾಗದಲ್ಲಿ ಮಾವಿನ ತೋರಣ. ಅದೂ ಸಾಲದೆಂದು ಮಿಣಮಿಣ ದೀಪದ ಸೀರಿಯಲ್ ಸೆಟ್ಟು.

ಇರಲಿ, ಕಮಾನಿಲ್ಲದೆಯೂ ಪಟವಾಗುತ್ತದೆ ಎಂದು ಹಲ್ಲು ಕಚ್ಚಿದ. ಅಷ್ಟರಲ್ಲಿ ಹೆಣ್ಣಿನ ತಾಯಿ ಶಿವನಂಜಮ್ಮ ಎರಡು ಕಂಕುಳಲ್ಲೂ ಮಡಕೆ ಇರುಕಿಕೊಂಡು ಕೊಟ್ಟಿಗೆಯ ಕಡೆ ಹೊರಟಿದ್ದಳು.

"ಅಕ್ಕಾ, ಅವು ಪಟಕ್ಕೆ ಬೇಕು!"

"ಬರೀ ಮಡ್ಕೇನ ಸಾಲಾಗ್ ಮಡ್ಗೀಯಲ್ಲಪ್ಪ, ಇದು ಮದ್ವೆಯೋ ಇನ್ನೊಂದೋ? ನೋಡ್ದೋರು ಏನಂದಾರು?" ಎಂದವಳೇ ಬೀಗರ ಮನೆಯಿಂದ ಬಂದ ಸ್ಟೀಲಿನ ಕೊಡಗಳನ್ನು ತಂದು ನಿಲ್ಲಿಸಿದಳು. ಅವು ಬಿಸಿಲಿಗೆ ಲಾರಿಯ ಹೆಡ್‌ಲೈಟಿನಂತೆ ಸಿದ್ದೇಶನ ಕಣ್ಣಿಗೇ ಹೊಡೆದವು.

ಗೋಣಿತಾಟನ್ನು ಅಡುಗೆಯವರು ಒಯ್ದರು. ಕಜ್ಜಾಯದ ಬುಟ್ಟಿಗೆ ಅದನ್ನು ಹೊದಿಸಿ, ಮಕ್ಕಳ ಕಣ್ಣಿಗೆ ಬೀಳದಿರಲೆಂದು ಕೊಟ್ಟಿಗೆಯ ಹಿಂದೆ ಬಚ್ಚಿಟ್ಟರು.

ಊಟ ಮುಗಿಯುವ ಹೊತ್ತಿಗೆ ಹುಲ್ಲಿಗೆ ಸಂಚಕಾರ ಬಂತು. ಹೆಣ್ಣಿನ ಸೋದರಮಾವ ಅಂಕಯ್ಯ ಬೆಳಿಗ್ಗೆ ಹೆಣ್ಣನ್ನು ಎತ್ತಿನ ಗಾಡಿಯಲ್ಲಿ ಕರೆತಂದಿದ್ದ. ಕೊಂಬಿಗೆ ಹಿತ್ತಾಳೆಯ ಕಳಸ ಹಾಕಿಸಿ, ಹಣೆಗೆ ಗೊಂಡೆ ಕಟ್ಟಿಸಿ, ಗಂಡಿಗಿಂತ ಚೆನ್ನಾಗಿ ಸಿಂಗರಿಸಿದ್ದ ಎತ್ತುಗಳು. ಅವಕ್ಕಾಗಿ ಅವನೀಗ ಕಂತೆ ಹೊರುತ್ತಿದ್ದ.

"ಅಂಕಯ್ಯಣ್ಣ, ಆ ಹುಲ್ಲು ಕೂತ್ಕೊಳಕ್ಕೆ!"

"ಮೂಗ್ ಪ್ರಾಣಿ ಅಸ್ಕಂಡ್ ನಿಂತವೆ, ಅವುಗಳ್ ಊಟದ್ ಮ್ಯಾಲೆ ನೀವ್ ಕುತ್ಕತೀರಾ? ನಿನ್ ಎಲೆ ಮ್ಯಾಲೆ ನಾನ್ ಕುತ್ಕಂಡ್ರೆ ಒಪ್ಪೀಯಾ?"

ಅಂಕಯ್ಯ ಹೊತ್ತೊಯ್ದ ಕಂತೆಯನ್ನು ಸಿದ್ದೇಶ ಕದ್ದು ತಂದ. ಅಂಕಯ್ಯ ಮತ್ತೆ ಒಯ್ದ. ಇವನು ಮತ್ತೆ ತಂದ. ಈ ಸಲ ಕಂತೆಯ ಹಿಂದೆ ಎತ್ತೇ ಬಂದು, ಸಿದ್ದೇಶನ ಬೆನ್ನ ಮೇಲಿದ್ದ ಹುಲ್ಲನ್ನು ನಿಧಾನವಾಗಿ ಮೇಯತೊಡಗಿತು. ಎತ್ತನ್ನು ಕೊಟ್ಟಿಗೆಗೆ ಮರಳಿಸಲು ಹೋದ ಅಂಕಯ್ಯ, ಹೋಗುವಾಗ ಚಕ್ರವನ್ನೂ ಉರುಳಿಸಿಕೊಂಡು ಹೋದ. "ಗಾಡಿ ಇಲ್ದೆ ಗಾಲಿ ಮಾತ್ರ ನಿಲ್ಸವ್ರೆ. ಎಣ್ಣಿನ್ ಗಾಡಿ ದಾರೀಲಿ ಮಗುಚ್ಕಂಡದೆ ಅನ್ನಕಿಲ್ವಾ ಜನ?"

ಬಿಸಿಲು ಇಳಿಯುವ ಹೊತ್ತಿಗೆ ಹುಣಸೆಮರದ ಕೆಳಗೆ ರಾಜಸಭೆಯೇ ನೆರೆದಿತ್ತು. ಶಾಮಿಯಾನದವರ ಕೆಂಪು ಮಖಮಲ್ಲಿನ ಸಿಂಹಾಸನ, ಗುಲಾಬಿ ಬಟ್ಟೆ, ದೀಪದಲ್ಲಿ ಮಿನುಗುವ ಹೆಣ್ಣುಗಂಡಿನ ಹೆಸರುಗಳು, ಮಗ್ಗುಲಲ್ಲಿ ದೊಡ್ಡ ಪರದೆ. ಸಿಂಹಾಸನದಲ್ಲಿ ರಂಜಿತ ಮತ್ತು ಮದುವೆ ಗಂಡು ಅಶೋಕ್, ಆರತಿ ತಟ್ಟೆಯಲ್ಲಿ ಇಟ್ಟ ಗೊಂಬೆಗಳ ಹಾಗೆ.

ಪುಟ್ಟರಾಜು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನ್ಲಾ ಸಿದ್ದೇಸ, ಮಂಡ್ಯದ್ ಛತ್ರ ಇದ್ದಂಗದೆ. ನನ್ ರಾಂಚ್ ಎಲ್ಲಿ?"

"ತೆಗೀತೀನಿ ಪುಟ್ಟರಾಜಣ್ಣ. ಹೊತ್ತು ಮುಳುಗೋದ್ರೊಳಗೆ ತೆಗೆದೇ ತೀರ್ತೀನಿ," ಎಂದ ಸಿದ್ದೇಶ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಮಾದಪ್ಪಾ, ಒಂದೇ ಒಂದು ಪಟ ಎಂದು ಮನಸ್ಸಿನಲ್ಲೇ ಕರೆದ.

ಕರೆಂಟು ಹೋಯಿತು.

ವಾಲಗದ ಮೈಕು ನಿಂತಿತು, ಹೆಸರುಗಳು ಆರಿದವು. ನೆಂಟರೆಲ್ಲ ಜನರೇಟರಿನ ಸುತ್ತ ನೆರೆದು, ಅದರ ಹಗ್ಗ ಎಳೆಯುವವನಿಗೆ ಬುದ್ಧಿ ಹೇಳತೊಡಗಿದರು. ಸಿದ್ದೇಶ ತಿರುಗಿ ನೋಡಿದರೆ ಸಿಂಹಾಸನ ಖಾಲಿ.

ಕ್ಯಾಮೆರಾ ಎದೆಗೊತ್ತಿಕೊಂಡು ಅಲ್ಲಿ ಇಲ್ಲಿ ಹುಡುಕಿದ. ಕೊನೆಗೆ ಕೊಟ್ಟಿಗೆಯ ಹಿಂದಕ್ಕೆ ಬಂದವನು ಅಲ್ಲೇ ಕ್ಯಾಮೆರಾ ಕಣ್ಣಿಗೆತ್ತಿದ.

ಮಣ್ಣಿನ ಗೋಡೆ. ಗೋಡೆಗೆ ಒರಗಿದ ಚಕ್ರ. ಅದರ ಬುಡದಲ್ಲಿ ಶಿವನಂಜಮ್ಮ ಇಟ್ಟ ಮಡಕೆಗಳು. ಅಂಕಯ್ಯ ಒಟ್ಟಿದ ಕಂತೆಗಳ ಮೇಲೆ ರಂಜಿತ ಕಾಲು ಚಾಚಿ ಕೂತಿದ್ದಳು. ಗೋಣಿತಾಟು ಸರಿಸಿ, ಬೆಳಗಿನಿಂದ ಹಸಿದಿದ್ದ ಹೆಂಡತಿಗೆ ಅಶೋಕ್ ಕಜ್ಜಾಯ ಮುರಿದು ಕೊಡುತ್ತಿದ್ದ. ಪಕ್ಕದ ಆಲೆಮನೆಯ ಹೊಗೆ ಇಳಿಬಿಸಿಲಿಗೆ ಹೊಂಬಣ್ಣವಾಗಿ ಅವರ ಮೇಲೆ ಹಾಯುತ್ತಿತ್ತು. ಹಿಂದಿನಿಂದ ಅಂಕಯ್ಯನ ಎತ್ತು ಕತ್ತು ಚಾಚಿ ಗಂಡಿನ ಹಾರ ಮೇಯತೊಡಗಿತು. ಇಬ್ಬರೂ ಲೋಕ ಮರೆತು ನಕ್ಕರು.

ಸಿದ್ದೇಶ ಒತ್ತಿದ.

ಸದ್ದಿಗೆ ರಂಜಿತ ಬೆಚ್ಚಿ ಎದ್ದಳು. "ಅಣ್ಣ, ನಾವಿಲ್ಲಿಗೆ ಬಂದಿದ್ದು ಯಾರಿಗೂ ಹೇಳ್ಬೇಡ! ಅರಿಶಿನದ ಮೈಯಲ್ಲಿ ಮುಸ್ಸಂಜೆ ಹೊತ್ನಲ್ಲಿ ಜನ ಬಿಟ್ಟು ಹೊರಗೆ ಬಂದ್ವಿ ಅಂತ ಗೊತ್ತಾದ್ರೆ, ಅಜ್ಜಿ ದೆವ್ವದ ಗಾಳಿ ಸೋಕ್ಬುಟ್ಟದೆ ಅಂತ ರಂಪ ಮಾಡ್ಬುಡ್ತಾಳೆ. ಗಂಡನ ಮನೇಗೆ ಕಳ್ಸೋದೇ ನಿಲ್ಸ್ತಾಳೆ. ಮಾದಪ್ಪನಾಣೆ ಇಕ್ಕು!"

"ಮಾದಪ್ಪನಾಣೆ, ಹೇಳಲ್ಲ," ಎಂದ ಸಿದ್ದೇಶ. ಪಟ ಸಿಕ್ಕ ಸಂತೋಷದಲ್ಲಿ ಅವನು ಇನ್ನೂ ಹತ್ತು ಆಣೆ ಇಕ್ಕುತ್ತಿದ್ದ.

ಜನರೇಟರು ಗುರುಗುಟ್ಟುವಷ್ಟರಲ್ಲಿ ಗೊಂಬೆಗಳೆರಡೂ ಸಿಂಹಾಸನಕ್ಕೆ ಮರಳಿದ್ದವು. ಸಿದ್ದೇಶ ನೇರ ಹೋಗಿ ಪಟವನ್ನು ದೊಡ್ಡ ಪರದೆಗೆ ಹಾಕಿಸಿದ.

ಮದುವೆಯ ಮನೆಗೆ ಮನೆಯೇ ಪರದೆಯ ಕಡೆ ತಿರುಗಿತು. ಪುಟ್ಟರಾಜು ಬಾಯಿ ಬಿಟ್ಟುಕೊಂಡು, "ಅಬ್ಬಬ್ಬಾ! ಇದ್ ಕಣ್ಲಾ ರಾಂಚು!" ಎಂದ.

ಸಿದ್ದೇಶನ ಎದೆ ಉಬ್ಬಿತು. ಉಬ್ಬಿದ್ದು ಅಷ್ಟೇ ಹೊತ್ತು.

"ಯಾವ್ ದೇಸದ್ದಪ್ಪ ಇದು?" ಎಂದಳು ಪುಟ್ಟಮಾದಮ್ಮ.

"ದೇಸ ಅಲ್ಲ ಕಣವ್ವ, ಕಂಪ್ಯೂಟ್ರು," ಎಂದ ಅಂಕಯ್ಯ. "ಅದು ನನ್ನೆತ್ತು. ಆ ಗಾಲಿ ನಾನೇ ಉಳ್ಳುಸ್ಕಂಡೋಗಿದ್ದು. ಎಲ್ಲಾನೂ ಕತ್ರುಸಿ ಅಂಟುಸ್ಬುಟ್ಟವ್ನೆ!"

"ಮಡ್ಕೆ ನಾನ್ ತಗ್ದಾಕಿದ್ವೇ," ಎಂದು ದನಿಗೂಡಿಸಿದಳು ಶಿವನಂಜಮ್ಮ. "ಎಂಗ್ ಕೂರ್ಸವ್ನೆ ನೋಡು, ನಿಜ್ವಾಗ್ ಇದ್ದಂಗೇ!"

"ಕಂಪ್ಯೂಟರ್ ಅಲ್ಲಕ್ಕ! ಇಲ್ಲೇ ತೆಗೆದದ್ದು, ಈಗ ತಾನೆ!" ಎಂದು ಸಿದ್ದೇಶ ಕೂಗಿದ.

"ಇಲ್ಲೇ ಅಂದ್ರೆ ಎಲ್ಲಿ?" ಶಿವನಂಜಮ್ಮನ ಹುಬ್ಬು ಮೇಲೇರಿತು. ಪುಟ್ಟಮಾದಮ್ಮ ಮೊಮ್ಮಗಳ ಕಡೆ ತಿರುಗಿದಳು. "ಈ ಮೊಗ ಮೂಸಂಜೆ ಒತ್ನಲ್ಲಿ ಜನ್ರ ಬುಟ್ಟು ಆಚೆಗ್ ಓಗಿತ್ತಾ ಅಂಗಾರೆ?"

ಸಿಂಹಾಸನದಿಂದ ರಂಜಿತ ಸಿದ್ದೇಶನನ್ನೇ ನೋಡುತ್ತಿದ್ದಳು, ಕಟುಕನನ್ನು ಕುರಿಮರಿ ನೋಡುವ ಹಾಗೆ. ಅವಳ ತುಟಿಯಂಚಿನಲ್ಲಿ ಕಜ್ಜಾಯದ ಎಳ್ಳು ಅಂಟಿಕೊಂಡಿತ್ತು. ಸಿದ್ದೇಶ ಬಾಯಿ ತೆರೆದ. ತಾತನ ತಂಬೂರಿ ಎಲ್ಲೋ ಒಳಗೆ ಮಿಡಿದಂತಾಯಿತು. ಬಾಯಿ ಮುಚ್ಚಿದ.

"ನೋಡ್ದಾ, ಉಸ್ರೇ ಬರಾಕಿಲ್ಲ!" ಎಂದ ಅಂಕಯ್ಯ. ಎಲ್ಲರೂ ನಕ್ಕರು. ಶಿವನಂಜಮ್ಮನಿಗೂ ನೆಮ್ಮದಿಯಾಯಿತು.

"ಎಂಗೂ ಕಂಪ್ಯೂಟರ್ ತಾನೆ," ಎಂದಳು ಅವಳು ಮೆಲ್ಲಗೆ. "ಆ ಮಣ್ ಗ್ವಾಡೆ, ಉಲ್ಲು ಎಲ್ಲ ತಗುದ್ಬುಟ್ಟು ನಿನ್ ಇಮದ್ ಬೆಟ್ಟ ಆಕ್ಬುಡಪ್ಪ. ಬೀಗ್ರ ಮುಂದೆ ಮರ್ವಾದೆ ಇರ್ತದೆ."

"ಎತ್ ಮಾತ್ರ ತಗೀಬ್ಯಾಡ ಕಣ್ಲಾ," ಎಂದ ಅಂಕಯ್ಯ.

ಸಿದ್ದೇಶ ಕೊನೆಯ ಆಸೆಯಿಂದ ಪುಟ್ಟರಾಜುವಿನ ಮುಖ ನೋಡಿದ. ಪುಟ್ಟರಾಜು ಏನೋ ಲೆಕ್ಕ ಹಾಕುತ್ತಿದ್ದವನು ಬಂದು ಅವನ ಭುಜ ತಟ್ಟಿದ.

"ಕಂಪ್ಯೂಟ್ರಲ್ಲೇ ಇಂಗ್ ಮಾಡಂಗಿದ್ರೆ ಉಲ್ಲು, ಗಾಲಿ, ಮೈಸೂರೋರು ಇವೆಲ್ಲ ನಂಗ್ಯಾಕ್ಲಾ? ಕೊಟ್ ಮಾತು ಕೊಟ್ಟಿದ್ದೇ. ಇಲ್ಲಾಗೋ ಮದ್ವೆಯೆಲ್ಲ ನಿಂದೇ, ಓಗು. ಆ ಬೋರ್ಡಿಗೂವೆ ಬೆಟ್ಟಾನೇ ಆಕು. ರಾಂಚ್ ಇಂದ್ಗಡೆ ಇಮದ್ ಬೆಟ್ಟ ಇದ್ರೆ ಜನ ಬೆಂಗ್ಳೂರಿಂದ್ಲೂ ಬತ್ತಾರೆ."

ಅಂಗಡಿಗೆ ಬಂದ ಸಿದ್ದೇಶ ಮಾದಪ್ಪನ ಪಟದ ಮುಂದೆ ನಿಂತ. ಸ್ವಾಮಿ ಹುಲಿಯ ಮೇಲೆ ಕೂತು ನಗುತ್ತಿದ್ದ. ಅವನ ಹಿಂದೆ ಸಾಲುಸಾಲು ಬೆಟ್ಟ. ಏಳು ಮಲೆಯ ಒಡೆಯನ ಹತ್ತಿರ ಹೋಗಿ ಬೆಟ್ಟ ಬಿಡಿಸು ಎಂದು ಬೇಡಿಕೊಂಡ ತನಗೇ ಬುದ್ಧಿಯಿರಲಿಲ್ಲ ಎನ್ನಿಸಿತು. ಊದುಬತ್ತಿ ಹಚ್ಚಿ, ಕಂಪ್ಯೂಟರಿನ ಮುಂದೆ ಕೂತ.

ಆಲೆಮನೆಯ ಹೊಗೆ ಹೋಯಿತು. ಗೋಡೆ, ಚಕ್ರ, ಮಡಕೆ ಹೋದವು. ಹಿಮ ಸುರಿಯಿತು. ಅದರ ನಡುವೆ ಅಂಕಯ್ಯನ ಎತ್ತು, ಚಳಿಯ ಪರಿವೆಯೇ ಇಲ್ಲದೆ, ಗಂಡಿನ ಹಾರ ಮೇಯುತ್ತ ನಿಂತಿತು.