ಧರ್ಮಪ್ಪಗೌಡರು ಹೊತ್ತಿಗೆ ಸರಿಯಾಗಿ ಹೊರಟದ್ದು

"ಇನ್ಮೇಲೆ ಈ ಧರ್ಮಪ್ಪನ ಒಂದು ನಿಮಿಷನೂ ಪೋಲಾಗಲ್ಲ!"

ಕೋಣಂದೂರಿನ ಧರ್ಮಪ್ಪಗೌಡರು ಹೀಗೆ ಘೋಷಿಸಿದ್ದು, ರೇಡಿಯೋದಲ್ಲಿ ಸಮಯದ ಸದುಪಯೋಗದ ಬಗ್ಗೆ ಭಾಷಣ ಕೇಳಿದ ಮೇಲೆ. ಘೋಷಣೆ ಕೇಳಲು ಮನೆಯಲ್ಲಿ ಬೆಕ್ಕೊಂದೇ ಇತ್ತು. ಹೆಂಡತಿ ಶೇಷಮ್ಮ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಹಿಂದಿನ ದಿನವೇ ತೀರ್ಥಹಳ್ಳಿಯ ತವರಿಗೆ ಹೋಗಿದ್ದರು. ಹಿರಿಯ ಅಳಿಯರಾದ ಗೌಡರ ಕೈಯಿಂದಲೇ ತಾಂಬೂಲ ಬದಲಾಗಬೇಕೆಂದು ಹಟ ಹಿಡಿದವರೂ ಶೇಷಮ್ಮನವರೇ.

"ಈ ಸಲನಾದ್ರೂ ಹೊತ್ತಿಗೆ ಸರಿಯಾಗಿ ಬಂದು ನನ್ ಮರ್ಯಾದೆ ಉಳ್ಸಿ," ಎಂದು ಹೇಳಿಯೇ ಹೊರಟಿದ್ದರು.

ಹೇಳಲು ಕಾರಣವಿತ್ತು. ಗೌಡರು ಬಸ್ಸು ಹಿಡಿದವರೇ ಅಲ್ಲ; ಬಸ್ಸೇ ಅವರನ್ನು ಹಿಡಿಯುತ್ತಿತ್ತು! ನಮ್ಮ ಕಡೆಯ ಖಾಸಗಿ ಬಸ್ಸು ಗುರುತಿನವರನ್ನು ಬಿಟ್ಟು ಹೋಗುವುದಿಲ್ಲ. ಕಂಡಕ್ಟರ್ ಪುಟ್ಟಪ್ಪ ಮನೆಗೇ ಬಂದು, ಗೌಡರು ಅಂಗಿಯ ಗುಂಡಿ ಹಾಕಿಕೊಳ್ಳುವವರೆಗೆ ಕಾಫಿ ಕುಡಿಯುತ್ತ ಕೂರುವುದು ವಾಡಿಕೆ.

ಆದರೆ ಅಂದು! ಗರಿಗರಿ ಪಂಚೆಯುಟ್ಟು, ಮನೆಗೆ ಬೀಗ ಜಡಿದು, ಹಿತ್ತಿಲ ಒಳದಾರಿಯಲ್ಲಿ ಗೌಡರು ಧಾವಿಸಿದರು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸು ಆಗಲೇ ಬಂದು ನಿಂತಿತ್ತು. ಹಿಂಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಸಿಂಹಾಸನಾರೂಢರಾದರು.

ಬಸ್ಸು ಹೊರಡಲಿಲ್ಲ. ಗಡಿಯಾರ ನೋಡಿಕೊಂಡರು. ಮತ್ತೆ ನೋಡಿಕೊಂಡರು.

"ಏನ್ರೀ ಡ್ರೈವರ್, ಯಾಕ್ ನಿಲ್ಸಿದೀರಿ?"

ಡ್ರೈವರ್ ನಿಂಗಪ್ಪ ಅಂದು ಬದಲಿಗೆ ಬಂದವನು. "ಯಾರೋ ಒಬ್ರು ಬರೋರಿದಾರಂತೆ. ಕಂಡಕ್ಟ್ರು ಕರಿಯಕ್ಕೆ ಹೋಗಿದಾರೆ."

"ಒಬ್ಬನಿಗೋಸ್ಕರ ಇಷ್ಟು ಜನ ಕಾಯೋದಾ? ಯಾರ್ರೀ ಅವನು, ಮಹಾರಾಜ!"

ಉತ್ತರಕ್ಕೆ ಕಾಯುವಷ್ಟು ಸಮಯ ಅವರಲ್ಲಿರಲಿಲ್ಲ. ಎದ್ದು ನಿಂತು ರೇಡಿಯೋ ಭಾಷಣವನ್ನು ಮೊದಲಿಂದ ಒಪ್ಪಿಸತೊಡಗಿದರು. ಗೌಡರ ಪರಿಚಯವಿಲ್ಲದ ಹೊಸನಗರದ ಪ್ರಯಾಣಿಕರು ತಲೆದೂಗಿದರು. ಕೋಳಿಬುಟ್ಟಿ ಹಿಡಿದ ಮೂಕಮ್ಮನೆಂಬ ಅಜ್ಜಿ, "ಚೆನ್ನಾಗ್ ಹೇಳಿದ್ರಿ ನೋಡಿ!" ಎಂದಳು.

ಗೌಡರು ಉಬ್ಬಿದರು. "ಅಂಥವನಿಗೆ ಸೀಟೇ ಕೊಡಬಾರ್ದು! ಬಸ್ಸಿನ ಟಾಪ್ ಮೇಲೆ ಬಾಳೆಗೊನೆ ಜೊತೆ ಕೂರಿಸ್ಬೇಕು!"

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು.

ಕೊನೆಗೆ ಪುಟ್ಟಪ್ಪ ಏದುಸಿರು ಬಿಡುತ್ತ ಬಂದ. "ಮನೆಗೆ ಬೀಗ. ಹೋಟ್ಲಲ್ಲಿಲ್ಲ, ಕ್ಷೌರದಂಗಡೀಲಿಲ್ಲ, ಇಸ್ಪೀಟಿನ ಜಗಲೀಲೂ ಇಲ್ಲ! ಗೌಡ್ರನ್ನ ಬಿಟ್ ಬಂದ್ರೆ ನೋಡು ಅಂತ ಶೇಷಮ್ಮೋರು ನಿನ್ನೆನೇ ಹೇಳಿ ಹೋಗಿದಾರೆ..." ಅಷ್ಟರಲ್ಲಿ ಕೊನೆಯ ಸೀಟು ಕಣ್ಣಿಗೆ ಬಿತ್ತು. "ಅಯ್ಯೋ ಧರ್ಮಪ್ಪಗೌಡ್ರೇ! ಇಲ್ಲಿದೀರಾ? ಬಸ್ಸು ಕಾಯ್ತಿರೋದೇ ನಿಮ್ಗೆ ಮಾರಾಯ್ರೆ!"

ಬಸ್ಸೆಲ್ಲ ಹಿಂದೆ ತಿರುಗಿತು. ಮೂಕಮ್ಮ ಬೆರಳೆತ್ತಿ ಟಾಪು ತೋರಿಸಿದಳು, ಅಷ್ಟೆ.

ಬಸ್ಸು ತೀರ್ಥಹಳ್ಳಿ ಸೇರುವಾಗ ಮುಹೂರ್ತ ಮೀರಿತ್ತು. ತಾಂಬೂಲ ಕಿರಿಯ ಅಳಿಯನ ಕೈಯಿಂದ ಬದಲಾಗಿತ್ತು. ಹುಡುಕಿಕೊಂಡು ನಿಲ್ದಾಣಕ್ಕೇ ಬಂದಿದ್ದ ಶೇಷಮ್ಮನಿಗೆ ಮೂಕಮ್ಮ ಇಳಿದವಳೇ ಕಥೆಯನ್ನೆಲ್ಲ ಒಪ್ಪಿಸಿಯಾಗಿತ್ತು.

"ನಂದೇನೂ ತಪ್ಪಿಲ್ಲ ಕಣೇ!" ಪಂಚೆಗೆ ಬಾಳೆಯ ಕರೆ ಮೆತ್ತಿಕೊಂಡ ಗೌಡರು ಟಾಪಿನಿಂದ ಇಳಿಯುತ್ತ ಏಣಿಯ ಮೇಲಿಂದಲೇ ಕೂಗಿದರು. "ನಾನು ಹೊತ್ತಿಗೆ ಸರಿಯಾಗಿ ಹತ್ತಿ ಕೂತಿದ್ದೆ!"

"ಅಷ್ಟೊತ್ತು ಭಾಷಣ ಮಾಡಕ್ಕೆ ಪುರ್ಸೊತ್ತಿತ್ತು. ಯಾರಿಗೆ ಕಾಯ್ತಿದಾರೆ ಅಂತ ಇಳಿದು ವಿಚಾರ್ಸಕ್ಕೆ ಪುರ್ಸೊತ್ತಿರ್ಲಿಲ್ವಾ?"

ಗೌಡರು ಏಣಿಯ ಮೇಲೇ ನಿಂತು ಗಡಿಯಾರ ನೋಡಿಕೊಂಡರು. ಕೆಳಗಿನಿಂದ ಪುಟ್ಟಪ್ಪ ಸೀಟಿ ಊದಿದ.

"ಬೇಗ ಇಳೀರಿ ಗೌಡ್ರೇ, ಬಸ್ಸು ನಿಮ್ಗೇ ಕಾಯ್ತಿದೆ!"