ಬಂಡೆಯ ಮೇಲಿನ ಭೂಕಂಪ ಮಾಪಕಕ್ಕೆ ಕೆರೆಯಂಗಳದ ಮನೆಯಿಂದ

ಚಿಕ್ಕಲಸಂದ್ರ, ನವೆಂಬರ್ ೧೯೮೬

ಮಾನ್ಯ ಭೂಕಂಪ ಮಾಪಕ ಯಂತ್ರದವರ ಸನ್ನಿಧಿಗೆ,

ಚಿಕ್ಕಲಸಂದ್ರದ ಮಾಜಿ ಪಂಚಾಯಿತಿ ಸದಸ್ಯನೂ, ತಾವು ಬಿಡಾರ ಮಾಡಿರುವ ಕೋಣೆಯ ಯಜಮಾನನೂ ಆದ ಚಿಕ್ಕಬೈರಪ್ಪನ ಸಾಷ್ಟಾಂಗ ನಮಸ್ಕಾರಗಳು. ನ್ಯಾಯವಾಗಿ ಈ ಅರ್ಜಿಯನ್ನು ತಮ್ಮ ಇಲಾಖೆಗೆ ಬರೆಯಬೇಕಿತ್ತು. ಮೂರು ಸಲ ಬರೆದೆ. ಮೂರು ಸಲವೂ ‘ಯಂತ್ರದಲ್ಲಿ ದಾಖಲಾಗಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂದದ್ದರಿಂದ, ಅಲ್ಲಿ ನಡೆಯುವುದು ತಮ್ಮ ಮಾತೇ ಎಂದು ತಡವಾಗಿ ತಿಳಿದು, ನೇರವಾಗಿ ತಮ್ಮ ಪಾದಕ್ಕೇ ಬಂದಿದ್ದೇನೆ. ನಾಲ್ಕು ಜನ ಓದಲಿ ಎಂದು ಒಂದು ಪ್ರತಿಯನ್ನು ಹಾಲಿನ ಡೈರಿಯ ಬಾಗಿಲಿಗೂ ಅಂಟಿಸುತ್ತೇನೆ.

ತಾವು ನಮ್ಮಲ್ಲಿಗೆ ದಯಮಾಡಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮುಂದೆ ಎಂದಾದರೂ ಭೂಮಿ ನಡುಗಿದರೆ ಬೆಂಗಳೂರಿನ ಯಾವ ಯಾವ ಬಡಾವಣೆ ಎಷ್ಟೆಷ್ಟು ಅಲುಗೀತು ಎಂದು ಲೆಕ್ಕ ಹಾಕಲು ಹೊರಟ ತಮ್ಮ ಅಧಿಕಾರಿ ಸಂಜೀವಯ್ಯನವರು, ಮೂರು ತಲೆಮಾರಿನಿಂದ ನಾವು ರಾಗಿ ಬಡಿದ ಬಂಡೆಯನ್ನೂ ಅದರ ಮೇಲಿನ ಕಿಟಕಿಯಿಲ್ಲದ ಕಲ್ಲಿನ ಕೋಣೆಯನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ, “ಇಂಥಾ ಗಟ್ಟಿ ಬಂಡೆ ಇಡೀ ಜಯನಗರ ಹುಡುಕಿದ್ರೂ ಸಿಗಲ್ಲ ಯಜಮಾನ್ರೇ, ಮಿಷನ್ ಇಲ್ಲೇ ಇಡ್ತೀವಿ” ಎಂದರು. ಐವತ್ತು ವರ್ಷದೊಳಗೆ ದೊಡ್ಡ ಕಂಪನವಾಗುವ ಸಂಭವ ನೂರಕ್ಕೆ ಹತ್ತರಷ್ಟಿದೆಯಂತೆ. ಐವತ್ತು ವರ್ಷದ ಆಚೆಯ ಜನರ ಬಗ್ಗೆ ಇಷ್ಟು ಕಾಳಜಿ ಇರುವ ಸರ್ಕಾರಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹುಲ್ಲು ಖಾಲಿ ಮಾಡಿ ಕೋಣೆಯನ್ನು ಬಿಟ್ಟುಕೊಟ್ಟೆ.

ತಾವಿರುವುದು ಬಂಡೆಯ ಮೇಲೆ. ತಮ್ಮಿಂದ ಅರವತ್ತು ಹೆಜ್ಜೆ ಕೆಳಗಿರುವ ನಮ್ಮ ಮನೆ, ಬತ್ತಿ ಹೂಳು ತುಂಬಿದ ಕೆರೆಯಂಗಳದ ಮೇಲೆ. ನಮ್ಮ ತಂದೆ ಕಟ್ಟಿದ್ದು, ಅವರಿಗೆ ಆಗ ಅಲ್ಲಿ ಜಾಗ ಸಿಕ್ಕಿತು, ಏನು ಮಾಡುವುದು. ಉತ್ತರಹಳ್ಳಿ ರಸ್ತೆಯಲ್ಲಿ ಲಾರಿ ಹೋದರೆ ನಮ್ಮ ಚೊಂಬಿನ ನೀರು ನಡುಗುತ್ತದೆ, ಬಂಡೆಯ ಮೇಲೆ ಮಲಗಿದ ನಾಯಿ ಕಿವಿಯನ್ನೂ ಎತ್ತುವುದಿಲ್ಲ. ಮೆತ್ತನೆ ಮಣ್ಣು ಬಂಡೆಗಿಂತ ಹೆಚ್ಚು ಅಲುಗುತ್ತದೆ ಎಂದು ಸಂಜೀವಯ್ಯನವರೇ ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಾ ಹೇಳಿದ್ದರು. ಎಲ್ಲ ಗೊತ್ತಿದ್ದೂ ತಮ್ಮನ್ನು ಬಂಡೆಯ ಮೇಲೇ ಕೂರಿಸಿದರು. ದೊಡ್ಡವರನ್ನು ಗಟ್ಟಿ ಜಾಗದಲ್ಲಿ ಕೂರಿಸುವುದು ನಮ್ಮ ಸಂಪ್ರದಾಯವೂ ಹೌದು.

ನನ್ನ ಅಹವಾಲು ಇಷ್ಟೇ. ಬಿಟಿಎಂ ಲೇಔಟಿಗೂ ಜೆ.ಪಿ. ನಗರಕ್ಕೂ ಜಲ್ಲಿ ಒದಗಿಸುವ ಇಲ್ಲಿನ ಕಲ್ಲು ಕ್ವಾರಿಯವರು ದಿನಾ ಸಾಯಂಕಾಲ ನಾಲ್ಕಕ್ಕೆ ಸಿಡಿಮದ್ದು ಇಡುತ್ತಾರೆ. ಅದರಿಂದ ನಮ್ಮ ಬಾಣಂತಿ ಕೋಣೆಯ ಗೋಡೆ ಬಿರುಕು ಬಿಟ್ಟಿದೆ. ತೊಟ್ಟಿಲು ಕಟ್ಟುವ ತೊಲೆ ಇರುವುದು ಆ ಬದಿಗೇ ಆದ್ದರಿಂದ ಆ ಗೋಡೆಯ ಬುಡದಲ್ಲೇ ತೊಟ್ಟಿಲಿದೆ, ತೊಟ್ಟಿಲಲ್ಲಿ ಹೆರಿಗೆಗೆಂದು ತವರಿಗೆ ಬಂದ ನನ್ನ ಮಗಳು ಜಯಾಳ ಇಪ್ಪತ್ತೆರಡು ದಿನದ ಕೂಸಿದೆ. ಬೇರೆ ಕೋಣೆಗೆ ಹೋಗಿ ಎಂದು ತಾವು ಹೇಳಬಹುದು. ನನ್ನ ಹೆಂಡತಿ ಲಕ್ಷ್ಮಿದೇವಮ್ಮನನ್ನು ತಾವು ಬಲ್ಲಿರಿ. “ತಿಂಗಳು ತುಂಬೋಗಂಟ ಬಾಣಂತಿಗೆ ಗಾಳಿ ಸೋಕಬಾರ್ದು, ಇನ್ನು ಮಾತು ಬೇಡ” ಎಂದುಬಿಟ್ಟಿದ್ದಾಳೆ. ನಮ್ಮಲ್ಲಿ ಗಾಳಿಯಾಡದ ಕೋಣೆಗಳು ಇರುವುದು ಎರಡೇ. ಒಂದು ಅದು, ಇನ್ನೊಂದರಲ್ಲಿ ತಾವಿದ್ದೀರಿ.

ತಮ್ಮಷ್ಟು ಓದಿಲ್ಲದಿದ್ದರೂ ಲಕ್ಷ್ಮಿದೇವಮ್ಮನೂ ಒಂದು ಮಾಪಕವನ್ನು ಇಟ್ಟುಕೊಂಡಿದ್ದಾಳೆ. ಗೋಡೆಯ ಕ್ಯಾಲೆಂಡರಿನಿಂದ ಆಯಾ ದಿನದ ತಾರೀಖಿನ ಹಾಳೆ ಹರಿದು, ಊಟವಾದ ಮೇಲೆ ಮೈದಾ ಅಂಟಿನಿಂದ ಬಿರುಕಿಗೆ ಅಡ್ಡವಾಗಿ ಮೆತ್ತುತ್ತಾಳೆ. ನಾಲ್ಕು ಗಂಟೆಗೆ ಅದು ಹರಿಯುತ್ತದೆ. ಮೊದಮೊದಲು ಕೂದಲೆಳೆಯಷ್ಟು ಹರಿಯುತ್ತಿತ್ತು, ಈಗ ತಾರೀಖು ಎರಡು ತುಂಡಾಗುತ್ತಿದೆ. ಹತ್ತೊಂಬತ್ತು ಹಾಳೆಗಳನ್ನು ಲಗತ್ತಿಸಿದ್ದೇನೆ. ಕೆಂಪಕ್ಷರದ ಭಾನುವಾರಗಳು ಮಾತ್ರ ಇಡಿಯಾಗಿವೆ, ಅವತ್ತು ಕ್ವಾರಿಗೆ ರಜೆ. ಇದನ್ನು ಇಲಾಖೆಗೆ ತೋರಿಸಿದ್ದಕ್ಕೆ, ಕ್ಯಾಲೆಂಡರ್ ವೈಜ್ಞಾನಿಕ ಉಪಕರಣವಲ್ಲ ಎಂದರು. ಒಪ್ಪಿದೆ. ಅದರಲ್ಲಿ ರಾಹುಕಾಲ ಕೂಡ ಬರೆದಿದೆ.

ತಮ್ಮ ಸೂಕ್ಷ್ಮತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕಳೆದ ತಿಂಗಳು ಆಯುಧಪೂಜೆಯ ದಿನ ತಮ್ಮ ಸೇವೆಗೆ ನೇಮಕವಾಗಿರುವ ಕೊಟ್ರಪ್ಪನವರು ತಮಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಹೊಸಿಲಾಚೆ ಬಂಡೆಯ ಮೇಲೆ ಹನ್ನೆರಡು ಸೇರು ತೂಗುವ ಬೂದುಗುಂಬಳಕಾಯಿಯನ್ನು ಭಕ್ತಿಯಿಂದ ಎತ್ತಿ ಅಪ್ಪಳಿಸಿದರು. ಒಳಗೆ ಹೋಗಿ ನೋಡಿದರೆ ತಮ್ಮ ಮುಳ್ಳು ಕಾಗದದ ಈ ಅಂಚಿನಿಂದ ಆ ಅಂಚಿಗೆ ಹಾರಿತ್ತು. ಮುಳ್ಳು ಕೆಂಪು ಗೆರೆ ದಾಟಿದರೆ ಕೂಡಲೇ ಫೋನು ಮಾಡಬೇಕೆಂಬುದು ನಿಯಮ. ಕೊಟ್ರಪ್ಪನವರು ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ, ಕೈಯ ಕುಂಕುಮವನ್ನೂ ಒರೆಸಿಕೊಳ್ಳದೆ ಔಷಧಿ ಅಂಗಡಿಗೆ ಓಡಿ ಫೋನು ಮಾಡಿದರು. ಎರಡು ಗಂಟೆಯೊಳಗೆ ಜೀಪು ಬಂತು. ಸಂಜೀವಯ್ಯನವರೂ ಇನ್ನಿಬ್ಬರು ಅಧಿಕಾರಿಗಳೂ ಕುಂಬಳದ ಹೋಳುಗಳ ಸುತ್ತ ನಿಂತು, ಟೇಪು ಹಿಡಿದು ಅಳೆದು, ಬರೆದುಕೊಂಡು ಹೋದರು. ನಮ್ಮ ಊರಿನ ತರಕಾರಿಯೊಂದಕ್ಕೆ ಇಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಅದೇ ಜೀಪು ಅರವತ್ತು ಹೆಜ್ಜೆ ಕೆಳಗಿಳಿದು ಗೋಡೆ ನೋಡಲಿ ಎಂದು ಕೈಮುಗಿದೆ. “ಮಿಷನ್‌ನಲ್ಲಿ ಬಂದಿಲ್ವಲ್ಲ ಯಜಮಾನ್ರೇ, ನಾವ್ ಏನ್ ಅಂತ ಬರೆಯೋದು?” ಎಂದರು. ಆ ಕುಂಬಳಕಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ತಮ್ಮ ಎದುರಿನಲ್ಲಿ ಸುಳ್ಳು ಹೇಳಬಾರದು.

ಆದ್ದರಿಂದ ತಾವು ಕೃಪೆಮಾಡಿ ಒಂದೇ ಒಂದು ಸಾಯಂಕಾಲ ಬಂಡೆಯಿಂದ ಇಳಿದು ನಮ್ಮ ಬಾಣಂತಿ ಕೋಣೆಯಲ್ಲಿ ಬಂದಿರಬೇಕು, ತಮಗೂ ಸಾಂಬ್ರಾಣಿ ಹೊಗೆ ಹಾಕಿಸುತ್ತೇನೆ. ಅದು ತಮ್ಮ ಅಂತಸ್ತಿಗೆ ಕಡಿಮೆಯಾದರೆ, ನಮ್ಮ ಮನೆಯೇ ಎದ್ದು ಬಂಡೆ ಹತ್ತಬೇಕೆಂದು ತಮ್ಮ ಸಹಿಯಲ್ಲಿ ಒಂದು ಆಜ್ಞೆ ಹೊರಡಿಸಬೇಕು. ಎರಡೂ ಆಗದಿದ್ದಲ್ಲಿ, ಈ ಗೋಡೆ ಬೀಳುವುದಾದರೆ ಕ್ವಾರಿಗೆ ರಜೆಯಿರುವ ಭಾನುವಾರವೇ ಬೀಳತಕ್ಕದ್ದೆಂದು ಗೋಡೆಗೆ ತಿಳಿಸಬೇಕು. ಆಗ ಯಾರ ಮೇಲೂ ತಪ್ಪು ಬರುವುದಿಲ್ಲ.

ಮೆತ್ತನೆ ಮಣ್ಣಿನ ಮೇಲಿರುವ
ತಮ್ಮ ವಿಶ್ವಾಸಿ,
ಚಿಕ್ಕಬೈರಪ್ಪ

ತಾ.ಕ.: ಮೇಲಿನದನ್ನು ಬರೆದು ಮುಗಿಸುವಷ್ಟರಲ್ಲಿ ನಾಲ್ಕು ಗಂಟೆಯಾಯಿತು, ಗೋಡೆ ಬಿತ್ತು. ಇವತ್ತು ಬುಧವಾರ. ಎರಡು ಕಲ್ಲು ತೊಟ್ಟಿಲೊಳಗೇ ಬಿದ್ದವು. ಕೂಸು ಆಗ ಕೋಣೆಯ ಆಚೆ ಮೂಲೆಯಲ್ಲಿ ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು, ಅಷ್ಟರಿಂದ ಉಳಿಯಿತು. ಕೊಟ್ರಪ್ಪನವರು ಓಡಿ ಬಂದು ನೋಡಿ, ಓಡಿ ಹೋಗಿ ತಮ್ಮ ಕಾಗದವನ್ನೂ ನೋಡಿದರು. ನಾಲ್ಕು ಗಂಟೆಯ ಎದುರಿಗೆ ತಾವು ಏನೂ ಬರೆದಿಲ್ಲವಂತೆ. ಆಮೇಲೆ ಅವರೇ ತಮ್ಮ ಕೋಣೆಯ ಬೀಗ ತೆಗೆದುಕೊಟ್ಟರು. ಜಯಾಳನ್ನೂ ಕೂಸನ್ನೂ ಅಲ್ಲಿಗೆ ಸಾಗಿಸಿ, ತೊಟ್ಟಿಲನ್ನು ತಮ್ಮ ತಲೆಯ ಮೇಲಿನ ತೊಲೆಗೇ ಕಟ್ಟಿದ್ದೇವೆ. ಲಕ್ಷ್ಮಿದೇವಮ್ಮ ತೂಗುತ್ತಿದ್ದಾಳೆ, ತಮ್ಮ ಮುಳ್ಳು ಕೆಂಪು ಗೆರೆಯನ್ನು ದಾಟಿ ದಾಟಿ ಬರುತ್ತಿದೆ. ನಿಯಮದ ಪ್ರಕಾರ ಕೊಟ್ರಪ್ಪನವರು ಫೋನು ಮಾಡಲು ಹೋಗಿದ್ದಾರೆ. ಇನ್ನು ಎರಡು ಗಂಟೆಯಲ್ಲಿ ಜೀಪು ಬರುತ್ತದೆ. ಬಿದ್ದ ಕಲ್ಲುಗಳನ್ನು ಇದ್ದಲ್ಲೇ ಬಿಟ್ಟಿದ್ದೇನೆ, ಟೇಪು ಅವರೇ ತರುತ್ತಾರೆ.