ಬಚ್ಚಲಲ್ಲಿ ಓದಿದ ಮೇಲ್

ಮನೆಮಂದಿಗೆಲ್ಲ ಒಂದೇ ಇ-ಮೇಲ್ ಇರಬಾರದು ಎಂಬ ವೇದಾಂತ ಕೊಳ್ಳೇಗಾಲದ ಗುಮಾಸ್ತ ಷಡಕ್ಷರಿಗೆ ಹೊಳೆದದ್ದು ಬಹಳ ತಡವಾಗಿ.

ಶಾಲೆಯದು, ಗ್ಯಾಸಿನದು, ಕರೆಂಟಿನದು ಎಲ್ಲವೂ ಅವನ ಮೇಲ್‌ಗೇ ಬರುತ್ತಿದ್ದವು. ಹುಡುಕಬೇಕೆಂದರೆ ಇಂಗ್ಲಿಷಿನಲ್ಲಿ 'ಫ್ರಮ್' ಎಂದು ಬರೆದು, ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ಹೆಸರು ಹಾಕಬೇಕು. ಇದನ್ನು ಹೆಂಡತಿ ಕೋಮಲಳಿಗೆ ಪಂಚಾಕ್ಷರಿಯಂತೆ ಉಪದೇಶಿಸಿ ಅವನು ಸೋತಿದ್ದ.

"ಚುಕ್ಕಿ ಇಕ್ಕಕೆ ಇದೇನು ರಂಗೋಲೀನೇನ್ರಿ?" ಎಂದು ಅವಳು ದಿನಾ ಆಫೀಸಿಗೆ ಫೋನ್ ಮಾಡುತ್ತಿದ್ದಳು.

ಕೊನೆಗೊಂದು ಭಾನುವಾರ, ಕನ್ನಡದಲ್ಲಿ ಬಾಯಿಬಿಟ್ಟು ಕೇಳಿದರೆ ಮೇಲ್ ಹುಡುಕಿ ಓದಿ ಹೇಳುವ ಆಪ್ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟು ಮೀಸೆ ತಿರುವಿದ. ಅವಳು ಗ್ಯಾಸಿನದು ಕೇಳಿದಳು. ಬಂತು.

ಯಳಂದೂರಿನ ಪಕ್ಕದ ಹೊನ್ನೂರಿನಿಂದ ಬಂದಿದ್ದ ಅವನ ಅತ್ತೆ ವೀರಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಅಂಗಾರೆ ಯಳಂದೂರಿನ ಟ್ರಾನ್ಸ್‌ಫರ್ ಯಾಕ್ ತಪ್ಪೋಯ್ತು ಅಂತ್ಲೂ ಕೇಳವ್ವ."

ಷಡಕ್ಷರಿ ತಿರುವುತ್ತಿದ್ದ ಮೀಸೆ ಬಿಟ್ಟ. ಯಳಂದೂರಿಗೆ ವರ್ಗವಾದರೆ ಅತ್ತೆ ಮನೆಯಲ್ಲೇ ಠಿಕಾಣಿ. ಅಲ್ಲಿ ನಸುಕಿಗೇ ಎಬ್ಬಿಸಿ ಕಬ್ಬಿಗೆ ನೀರು ಕಟ್ಟಲು ಅಟ್ಟುತ್ತಾರೆ. ಅದಕ್ಕೇ ತಾನೇ ಬೇಡವೆಂದು ಸಾಹೇಬರಿಗೆ ಮೇಲ್ ಬರೆದು, ಮನೆಯಲ್ಲಿ ಮಾತ್ರ ಮೇಲಧಿಕಾರಿಗಳು ಒಪ್ಪಲಿಲ್ಲ ಎಂದು ನಿಟ್ಟುಸಿರು ಬಿಟ್ಟಿದ್ದ.

"ಕೊಡಿಲ್ಲಿ, ಚಾರ್ಜ್ ಇಲ್ಲ!" ಎಂದು ಫೋನ್ ಕಿತ್ತುಕೊಂಡು ಬಚ್ಚಲು ಹೊಕ್ಕು ಅಗುಳಿ ಹಾಕಿದ. (ಚಾರ್ಜಿಗೆ ಬಚ್ಚಲೇಕೆ ಎಂದು ಯಾರೂ ಕೇಳಲಿಲ್ಲ, ಅದೊಂದು ಪುಣ್ಯ.)

"ಟ್ರಾನ್ಸ್‌ಫರ್ ಮೇಲ್ ಅಳಿಸು," ಎಂದು ಪಿಸುಗುಟ್ಟಿದ.

"ಕೇಳಿಸಲಿಲ್ಲ. ದಯವಿಟ್ಟು ಜೋರಾಗಿ ಹೇಳಿ," ಎಂದಿತು ಆಪ್.

ಬೆವರೊರೆಸಿಕೊಂಡು ತುಸು ಜೋರಾಗಿ ಹೇಳಿದ.

"ಒಂದು ಮೇಲ್ ಸಿಕ್ಕಿದೆ. ಅಳಿಸುವ ಮುನ್ನ ಓದುತ್ತೇನೆ," ಎಂದಿತು ಆ ಮಹಾತಾಯಿ, ಬಚ್ಚಲೆಲ್ಲ ಮೊಳಗುವಂತೆ. "ಮಾನ್ಯರೇ, ಯಳಂದೂರು ಬೇಡ. ನಮ್ಮತ್ತೆಯ ಕೈಗೆ ಸಿಕ್ಕರೆ ನಾನು ಉಳಿಯಲಾರೆ. ಕೈಮುಗಿಯುತ್ತೇನೆ, ಕಾಪಾಡಿ!"

ಕಂಡ ಕಂಡ ಗುಂಡಿ ಒತ್ತಿದ, ಕೊನೆಗೆ ಫೋನನ್ನೇ ಪಂಚೆಯಲ್ಲಿ ಸುತ್ತಿದ. 'ಕಾಪಾಡಿ' ಪಂಚೆಯೊಳಗಿಂದಲೂ ಚೆನ್ನಾಗಿಯೇ ಕೇಳಿಸಿತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

"ಅಳಿಸ್‌ಬ್ಯಾಡಿ ಅಳಿಯಂದ್ರೇ," ವೀರಮ್ಮನ ದನಿ ತಣ್ಣಗಿತ್ತು. "ಅದುಕ್ಕೆ ಉತ್ರ ಬರಿಯಕ್ಕೂ ಬತ್ತದಾ ಕೇಳಿ."

ಷಡಕ್ಷರಿ ಪಂಚೆಯನ್ನು ಇನ್ನೊಂದು ಸುತ್ತು ಬಿಗಿದ. ಆದರೆ ಅಳಿಯನ ಪಿಸುಮಾತು ಕೇಳಿಸದ ಆಪ್‌ಗೆ ಅತ್ತೆಯ ಮಾತು ಬಾಗಿಲಾಚೆಯಿಂದಲೂ ಸ್ಪಷ್ಟವಾಗಿ ಕೇಳಿಸಿತು. "ಖಂಡಿತ. ಏನೆಂದು ಬರೆಯಲಿ?" ಎಂದಿತು.

"ನಾಳೇನೇ ಯಳಂದೂರಿಗೆ ಓಯ್ತೀನಿ ಅಂತ ಸಾಹೇಬ್ರಿಗೆ ಬರಿಯವ್ವ."

"ಕಳುಹಿಸಿದ್ದೇನೆ," ಎಂದಿತು ಆಪ್, ಈ ಸಲ ಓದಿ ಹೇಳುವ ಗೋಜಿಗೂ ಹೋಗದೆ.